ಓರೆ ಚೀಟಿಯ ಬಾಟಲಿ

ಗುಟ್ಟು ಬಿಚ್ಚುವ ದಿನ ಎಲ್ಲರೂ ಮುಂಬಾಗಿಲಿನಿಂದಲೇ ಬರಬಹುದು ಎಂದು ಹೇಳಿಕಳಿಸಿದ್ದರೂ ಅವನ ಕಾಲು ಹಿಂಬಾಗಿಲಿಗೇ ಹೋಯಿತು. ಆಸ್ಪತ್ರೆಯ ಹಿಂಬದಿ, ಬಟ್ಟೆ ಒಗೆಯುವ ಕೋಣೆಯ ಹಬೆ ಗೋಡೆಯ ತೂತಿನಿಂದ ಹೊರಬಂದು ಮುಖಕ್ಕೆ ಬಡಿಯುವ ಜಾಗದಲ್ಲಿ ಮೆಟ್ಟಿಲಿಳಿದರೆ ಅವನ ನೆಲಮಾಳಿಗೆಯ ಕೋಣೆ. ಪ್ರಯೋಗ ಶುರುವಾದಾಗಿನಿಂದ ಅವನಿಗೆ ಇದೇ ದಾರಿ. ಔಷಧಿ ತುಂಬುವವನು ರೋಗಿಗಳ ಕಣ್ಣಿಗೆ ಬೀಳಬಾರದು, ರೋಗಿಗಳು ಅವನ ಕಣ್ಣಿಗೆ ಬೀಳಬಾರದು, ಡಾಕ್ಟರುಗಳ ಜೊತೆ ಕೂತು ಒಂದು ಲೋಟ ಕಾಫಿಯನ್ನೂ ಕುಡಿಯುವಂತಿಲ್ಲ. ಅರ್ಧದಷ್ಟು ರೋಗಿಗಳಿಗೆ ಹೊಸ ಔಷಧಿ, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ, ಗೊತ್ತಿರುವುದು ಇವನ ಕೈಗೆ. ಆ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಅವನು ಹಬೆಯಲ್ಲಿ ನಿಂತ. ಇವತ್ತು ಮಧ್ಯಾಹ್ನ ಮೇಲಿನ ಸಭಾಕೋಣೆಯಲ್ಲಿ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುತ್ತಾರೆ. ವರ್ಷಗಟ್ಟಲೆ ಅಷ್ಟು ಜನ ಬೆವರು ಸುರಿಸಿದ ಔಷಧಿ. ಅದು ದಂಡವಾಗಿ ಹೋಗಲಿ ಎಂದು ಅವನ ಮನಸ್ಸು ಬೆಳಗಿನಿಂದ ಬೇಡುತ್ತಿತ್ತು. ದಂಡವಾಗಿದ್ದರೆ ಅವನು ಅಕ್ಕನನ್ನು ಕೊಂದಿಲ್ಲ. ಕೆಲಸ ಮಾಡಿತ್ತು ಎಂದರೆ ಕೊಂದಿದ್ದಾನೆ. ಇಷ್ಟೇ ಲೆಕ್ಕ.

ಕೋಣೆಯೊಳಗೆ ಉಳಿದಿದ್ದು ತೊಳೆದಿಟ್ಟ ಎರಡು ದೊಡ್ಡ ಡಬ್ಬ, ತೂಕದ ಯಂತ್ರ, ಸಾಲು ಸಾಲು ತೂತುಗಳಿರುವ ಒಂದು ಹಲಗೆ. ಆ ತೂತುಗಳಲ್ಲಿ ಖಾಲಿ ಕ್ಯಾಪ್ಸೂಲುಗಳ ಬುಡ ನಿಲ್ಲಿಸಿ, ಮೇಲೆ ಪುಡಿ ಸುರಿದು, ಪಟ್ಟಿಯಿಂದ ಸವರಿ, ಮುಚ್ಚಳ ಒತ್ತಿ, ಬಾಟಲಿಗೆ ಹಾಕಿ ನಂಬರಿನ ಚೀಟಿ ಅಂಟಿಸುವುದು ಅವನ ಕೆಲಸ. ಕಂಪ್ಯೂಟರು ಒಂದು ನಂಬರಿಗೆ ಎಡಗಡೆಯ ಹಿಟ್ಟಿನ ಡಬ್ಬ ಅನ್ನುತ್ತದೆ, ಇನ್ನೊಂದಕ್ಕೆ ಬಲಗಡೆಯ ಔಷಧಿ ಡಬ್ಬ ಅನ್ನುತ್ತದೆ; ಅವನಿಗೆ ನಂಬರು ಗೊತ್ತು, ನಂಬರಿನ ಹಿಂದಿರುವ ಮೂಗು, ಬಾಯಿ, ಕೆಮ್ಮು ಗೊತ್ತಿಲ್ಲ. ತಾಳ್ಮೆಯಿರುವ ಯಾರಾದರೂ ಮಾಡಬಹುದಾದ ಕೆಲಸ. ಅಕ್ಕ ಮಾತ್ರ ತನ್ನ ಬೀದಿಯ ತುಂಬ "ನನ್ನ ತಮ್ಮ ಔಷಧಿ ಕಂಡುಹಿಡಿಯೋ ಕಡೆ ಇದ್ದಾನೆ" ಎಂದು ಹೇಳಿಕೊಂಡು ಬಂದಿದ್ದಳು, ಅವನು ಒಂದು ದಿನವೂ ಹಾಗಲ್ಲ ಅಕ್ಕ ಎನ್ನಲಿಲ್ಲ. ಅನ್ನಬೇಕಿತ್ತು. ಹೊಗಳಿಕೆ ಯಾರಿಗೆ ಬೇಡ. ಮೇಲಿನವರ ಪಾಲಿಗೆ ಅವನು ಹಿಟ್ಟಪ್ಪ. ಆ ಹೆಸರು ಬಿದ್ದ ದಿನ ಚೆನ್ನಾಗಿ ನೆನಪಿದೆ, ನೆನಪಿಲ್ಲದಿದ್ದರೆ ಎಷ್ಟೋ ವಾಸಿಯಿತ್ತು. ಹಿಟ್ಟಿನ ಡಬ್ಬದ ಮುಚ್ಚಳ ಬಿಗಿಯಾಗಿತ್ತು, ಎಳೆದ ರಭಸಕ್ಕೆ ಪುಡಿ ಚಿಮ್ಮಿ ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗಾಯಿತು; ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಯಾರೋ ಅತಿಥಿಗಳನ್ನು ಕರೆದುಕೊಂಡು ಬಾಗಿಲು ತೆಗೆದರು. "ಏನ್ರೀ ಇದು, ಒಳ್ಳೆ ಹಿಟ್ಟಪ್ಪ ಆಗಿದೀರಲ್ಲ" ಎಂದರು. ಅತಿಥಿಗಳು ನಕ್ಕರು, ಅವನೂ ನಕ್ಕ. ಎರಡು ಡಬ್ಬದ ಪುಡಿಯೂ ಒಂದೇ ಬಿಳುಪು, ಚೆಲ್ಲಿದ್ದು ಯಾವುದು ಎಂದು ಅವರಿಗೆ ತಿಳಿಯುವಂತಿರಲಿಲ್ಲ, ಇವನಿಗೆ ತಿಳಿದಿತ್ತು. ಅವರು ಹೋದ ಮೇಲೆ ಮುಖ ಒರೆಸಿಕೊಳ್ಳುತ್ತಲೇ ಹಿಟ್ಟು ತುಂಬಿದ್ದ ಬಾಟಲಿಯನ್ನು ಕೈಗೆತ್ತಿಕೊಂಡ. ಆ ಅವಸರದಲ್ಲಿ ಅಂಟಿಸಿದ ಚೀಟಿ ಓರೆಯಾಯಿತು, ಕಿತ್ತು ಸರಿಮಾಡಲು ಹೋಗಿ ಅದರ ಮೂಲೆ ಹರಿಯಿತು, ಹರಿದದ್ದಕ್ಕೆ ಒಂದು ತುಂಡು ಟೇಪು ಹಚ್ಚಿ, ಸಾಯಲಿ ಅತ್ಲಾಗೆ ಎಂದು ಟ್ರೇಯಲ್ಲಿಟ್ಟ.

ಆ ಓರೆ ಚೀಟಿಯನ್ನು ಅವನು ಮತ್ತೆ ನೋಡಿದ್ದು ಅಕ್ಕನ ಅಡುಗೆಮನೆಯಲ್ಲಿ. ಅಕ್ಕನಿಗೆ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬರುವ ಕಾಯಿಲೆ. ಮಾತಿನ ಮಧ್ಯೆ ನಿಂತು ಉಸಿರು ಹುಡುಕುತ್ತಿದ್ದವಳು ಅವತ್ತು ತಾನೇ ಬಂದು ಬಾಗಿಲು ತೆಗೆದು, ತಾನೇ ಕಾಫಿ ಮಾಡಿ, "ಕಣ್ಣು ಮುಚ್ಚು" ಎಂದಳು, ಚಿಕ್ಕಂದಿನಲ್ಲಿ ಪೆಪ್ಪರಮಿಂಟು ಕೊಡುವಾಗ ಹೇಳುತ್ತಿದ್ದ ಹಾಗೆ. ಕಣ್ಣು ಬಿಟ್ಟರೆ ಅಂಗೈ ಮೇಲೆ ಬಾಟಲಿ.

"ನಾನೂ ಸೇರ್ಕೊಂಡೆ ಕಣೋ ನಿಮ್ಮ ಪ್ರಯೋಗಕ್ಕೆ. ಅಲ್ಲಿ ಕೆಲಸ ಮಾಡೋರ ಮನೆಯವರು ಸೇರೋ ಹಾಗಿಲ್ಲ ಅಂದ್ರು. ನನಗೆ ತಮ್ಮ ಗಿಮ್ಮ ಯಾರೂ ಇಲ್ಲ ಅಂದೆ. ನಿನಗೆ ಹೇಳಿದ್ರೆ ಬೇಡ ಅಂತೀಯ, ಅದಕ್ಕೇ ಹೇಳಲಿಲ್ಲ."

"ಅರ್ಧ ಜನಕ್ಕೆ ಬರೀ ಹಿಟ್ಟಂತೆ. ಸ್ವಲ್ಪ ಬುದ್ಧಿ ಹೇಳಯ್ಯ ಇವಳಿಗೆ" ಎಂದರು ಭಾವ, ಪೇಪರಿನಿಂದ ತಲೆಯೆತ್ತದೆ.

"ನಿಮ್ಮದೊಂದು. ನನ್ನ ತಮ್ಮ ತನ್ನ ಕೈಯಾರೆ ತುಂಬಿದ್ದು ಇದು. ತಗೊಳ್ಳೋಕೆ ಶುರು ಮಾಡಿದ ಮೇಲೆ ಮಹಡಿ ಮೆಟ್ಟಿಲು ಹತ್ತುತೀನಿ ಗೊತ್ತಾ. ಮೊನ್ನೆ ಆಸ್ಪತ್ರೆ ಮೊಗಸಾಲೇಲಿ ನಡೆಸಿ ನೋಡ್ತಾರಲ್ಲ, ಆ ನರ್ಸಮ್ಮನೇ ಬಾಯಿ ಬಿಟ್ಕೊಂಡು ನೋಡಿದ್ಲು."

ಸುಳ್ಳಲ್ಲ, ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಟೇಪಿನ ತುಂಡಿನ ಕೆಳಗೆ ಅವನ ಹೆಬ್ಬೆರಳಿನ ಗುರುತು ಕೂಡ ಹಾಗೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡ ಡಾಕ್ಟರು ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದ್ದರು: "ಯಾಕಪ್ಪಾ ಇಷ್ಟೊಂದು ಗುಟ್ಟು ಅಂತೀರಾ? ಗೊತ್ತಿರೋನು ಬಾಯಿ ಮುಚ್ಕೊಂಡಿದ್ರೂ ಅವನ ಹುಬ್ಬು ಹೇಳಿಬಿಡುತ್ತೆ. ಕೊಡೋನ ಮುಖವೂ ಒಂದು ಔಷಧಿ. ಅದನ್ನ ಕಳೆದು ನೋಡದಿದ್ರೆ ಬಾಟಲಿಯಲ್ಲಿ ಇರೋದು ಎಷ್ಟು, ಮುಖದಲ್ಲಿ ಇರೋದು ಎಷ್ಟು ಅಂತ ತಿಳಿಯೋದೇ ಇಲ್ಲ." ಅವತ್ತು ಅದು ಅವನಿಗೆ ದೊಡ್ಡವರ ಚಮತ್ಕಾರದ ಮಾತಿನ ಹಾಗೆ ಕೇಳಿತ್ತು. ಈಗ ತನ್ನ ಮುಖ ತನ್ನ ಕೈ ತಪ್ಪಿ ಹೋಗುತ್ತಿರುವುದು ಅವನಿಗೆ ಗೊತ್ತಾಯಿತು. "ಒಳ್ಳೇದಾಯ್ತಲ್ಲ ಅಕ್ಕ" ಎಂದು ಗೂಡಿನಲ್ಲಿದ್ದ ಉಪ್ಪಿನ ಡಬ್ಬಿಗೆ ಹೇಳಿದ. ಕಾಫಿ ಪೂರ್ತಿ ಕುಡಿಯದೆ, ಏನೋ ಕೆಲಸವಿದೆ ಎಂದು ಎದ್ದ. ಚಪ್ಪಲಿ ಮೆಟ್ಟುವಾಗ ಅಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದದ್ದು ಬೆನ್ನಿಗೆ ತಿಳಿಯುತ್ತಿತ್ತು.

ಅಕ್ಕನಿಗಾದರೆ ಮುಖ ಎನ್ನುವುದು ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ, ಅವಳೇನೂ ಆಗ ದೊಡ್ಡವಳಲ್ಲ. ಅವನಿಗೆ ಜ್ವರ ಬಂದಾಗ ಕೊಡುತ್ತಿದ್ದ ಕಷಾಯ ಎಂಥ ಕಹಿಯೆಂದರೆ ಲೋಟ ಕಂಡರೆ ಮಂಚದ ಕೆಳಗೆ ನುಸುಳುತ್ತಿದ್ದ. ಅಕ್ಕ ನೆಲದ ಮೇಲೆ ಕೂತು, ಅವನ ಎದುರಿಗೇ ಒಂದು ದೊಡ್ಡ ಗುಟುಕು ಕುಡಿದು, ನಾಲಿಗೆಯಿಂದ ತುಟಿ ಸವರಿಕೊಂಡು, "ಅಯ್ಯೋ, ಇವತ್ತು ಸಿಹಿಯಾಗಿದೆಯಲ್ಲೋ, ನನಗೇ ಇರಲಿ ಬಿಡು" ಎನ್ನುತ್ತಿದ್ದಳು. ಹುಬ್ಬು ಅಲ್ಲಾಡುತ್ತಿರಲಿಲ್ಲ, ಕಣ್ಣು ಕಿರಿದಾಗುತ್ತಿರಲಿಲ್ಲ. ಪ್ರತಿ ಸಲವೂ ಅವನು ನಂಬಿ ಹೊರಬರುತ್ತಿದ್ದ, ಪ್ರತಿ ಸಲವೂ ಮೋಸ ಹೋಗುತ್ತಿದ್ದ, ಪ್ರತಿ ಸಲವೂ ಜ್ವರ ಬಿಡುತ್ತಿತ್ತು. ಅಷ್ಟು ಕಹಿಯನ್ನು ಅವಳು ಒಳಗೆ ಎಲ್ಲಿಟ್ಟುಕೊಳ್ಳುತ್ತಿದ್ದಳೋ. ಅವನು ಕಲಿಯಬೇಕಾದದ್ದು ಅದೊಂದೇ ವಿದ್ಯೆಯಾಗಿತ್ತು, ಅದನ್ನೇ ಕಲಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು.

ಮುಂದಿನ ತಿಂಗಳು ಅದೇ ನಂಬರು ಮತ್ತೆ ಬಂತು, ಎಡಗಡೆ ಡಬ್ಬ. ಅವನು ಬಾಗಿಲ ಚಿಲಕ ಹಾಕಿ ಬಲಗಡೆ ಡಬ್ಬದ ಪುಡಿಯನ್ನು ಹಲಗೆಗೆ ಸುರಿದ. ಸವರಿದ, ಮುಚ್ಚಳ ಒತ್ತಿದ, ಬಾಟಲಿಗೆ ಹಾಕಿದ, ಈ ಸಲ ಚೀಟಿಯನ್ನು ನೆಟ್ಟಗೆ ಅಂಟಿಸಿದ. ಅದನ್ನು ಮುಂದಿಟ್ಟುಕೊಂಡು ಕೂತ. ಒಂದು ಬಾಟಲಿ ಆಚೀಚೆ ಮಾಡಿದರೆ ಯಾರ ಗಂಟು ಹೋಗುತ್ತದೆ? ಆದರೆ ಒಂದು ನಂಬರು ಸುಳ್ಳಾದರೆ ಉಳಿದವುಗಳನ್ನು ನಂಬುವುದು ಹೇಗೆ. ಮೊಗಸಾಲೆಯಲ್ಲಿ ಏದುಸಿರು ಬಿಡುತ್ತ ನಡೆದ ಅಷ್ಟೂ ಜನ ಸುಮ್ಮನೆ ನಡೆದ ಹಾಗಾಗುತ್ತದೆ. ಅಲ್ಲದೆ ಬಲಗಡೆ ಡಬ್ಬದಲ್ಲಿದ್ದದ್ದನ್ನು ಎಲ್ಲರೂ ಔಷಧಿ ಎನ್ನುತ್ತಿದ್ದರೂ ಅದಿನ್ನೂ ಔಷಧಿಯಾಗಿರಲಿಲ್ಲ, ಔಷಧಿಯೋ ಅಲ್ಲವೋ ಎಂದು ತಿಳಿಯಲಿಕ್ಕೇ ಇಷ್ಟೆಲ್ಲ ಪಾಡು; ವಿಷವೇ ಆಗಿದ್ದರೆ? ಹೀಗೆ ತನಗೆ ತಾನೇ ದೊಡ್ಡ ಡಾಕ್ಟರ ಧಾಟಿಯಲ್ಲಿ ಹೇಳಿಕೊಂಡು ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬಿಚ್ಚಿ ಖಾಲಿ ಮಾಡಿದ. ಹಿಟ್ಟು ತುಂಬಿದ. ವಾರದ ಕೊನೆಯಲ್ಲಿ ಡಬ್ಬಗಳನ್ನು ತೂಗಿ ನೋಡುತ್ತಾರೆ, ಕಡಿಮೆ ಬಂದರೆ ಕೆಲಸ ಹೋಗುತ್ತದೆ ಎಂಬ ಯೋಚನೆಯೂ ಬಂದಿತ್ತು. ಅದು ಮೊದಲು ಬಂತೋ ಆಮೇಲೆ ಬಂತೋ ಎನ್ನುವುದನ್ನು ಅವನು ಇವತ್ತಿನವರೆಗೂ ಗಟ್ಟಿಯಾಗಿ ಹೇಳಲಾರ. ಮೇಲೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅಕ್ಕನನ್ನು ಪ್ರಯೋಗದಿಂದ ಹೊರಗೆ ಹಾಕುತ್ತಾರೆ, ಆ ಮೆಟ್ಟಿಲು ಹತ್ತುವ ಸಂತೋಷವೂ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ ಕೂತು ಅವನು ಯಾರಿಗೂ ಏನೂ ಹೇಳಲಿಲ್ಲ.

ಹೇಳದಿದ್ದದ್ದಕ್ಕೆ ಬದಲಾಗಿ ಹಣ್ಣು ಹೊತ್ತುಕೊಂಡು ಹೋಗತೊಡಗಿದ. ದಿಂಬು ಹೊಸದು ತಂದ, ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟ, ಭಾವನ ಜೊತೆ ಇಲ್ಲದ ಮಾತಾಡಿದ. "ಏನೋ ಇದು, ಕರೆದರೂ ಬರದವನು ವಾರ ವಾರ ಬರ್ತಿದೀಯ" ಎಂದು ಅಕ್ಕ ನಕ್ಕಳು. ಅವಳ ನಗು ಮೊದಲಿನ ಹಾಗೇ ಇತ್ತು, ಆದರೆ ಮಹಡಿಯ ಮಾತು ನಿಂತುಹೋಯಿತು. ಆಮೇಲೆ ಬಾಗಿಲು ತೆಗೆಯಲು ಭಾವ ಬರತೊಡಗಿದರು. ಆಮೇಲೆ ಮಂಚ ಕಿಟಕಿಯ ಹತ್ತಿರ ಬಂತು. ಬಾಟಲಿ ಯಾವಾಗಲೂ ಕೈಗೆಟಕುವ ಹಾಗೆ ನೀರಿನ ಲೋಟದ ಪಕ್ಕದಲ್ಲಿರುತ್ತಿತ್ತು, ಅವನು ಅದರ ಕಡೆ ನೋಡದ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದ. ಕೊನೆಯ ಸಲ ಹೋದಾಗ ಅವಳು ಅವನ ಕೈಯನ್ನು ಹಿಡಿದುಕೊಂಡು, ಹೆಬ್ಬೆರಳನ್ನು ಒಂದಿಷ್ಟು ಹೊತ್ತು ಒತ್ತುತ್ತಿದ್ದು, "ತುಂಬ ಸೋತಿದೀಯ ಕಣೋ, ಮನೆಗೆ ಹೋಗಿ ಮಲಕ್ಕೋ" ಎಂದಳು. ಹೋಗಿ ಮಲಗಿದ. ಅವನು ಮತ್ತೆ ಹೋಗುವಷ್ಟರಲ್ಲಿ ಅವಳು ಇರಲಿಲ್ಲ.

"ವ್ಯತ್ಯಾಸ ಇಲ್ಲ" ಎಂದರು ದೊಡ್ಡ ಡಾಕ್ಟರು. ಸಭಾಕೋಣೆಯಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ, ಕುರ್ಚಿಗಳು ಸಾಲದೆ ಬಂದಿದ್ದವು. "ಔಷಧಿ ತಗೊಂಡೋರಿಗೂ ಹಿಟ್ಟು ತಗೊಂಡೋರಿಗೂ ವ್ಯತ್ಯಾಸ ಇಲ್ಲ. ಕೆಲಸ ಮಾಡಿಲ್ಲ." ಯಾರೋ ಚಿಕ್ಕ ಡಾಕ್ಟರು, "ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಎಂದ. ದೊಡ್ಡವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಹಾಗಲ್ಲಪ್ಪ. ಇಲ್ಲ ಅಂತ ಗೊತ್ತಾಯ್ತಲ್ಲ, ಅದೂ ಗೊತ್ತಾದದ್ದೇ. ಹೀಗೆ ನೋಡದೆ ಊರಿಗೆಲ್ಲ ಹಂಚಿದ್ರೆ ಏನು ಗತಿ" ಎಂದರು, ಆದರೆ ಕನ್ನಡಕ ಒರೆಸಿ ಮುಗಿಯಲೇ ಇಲ್ಲ. ಹತ್ತಿರದ ಕುರ್ಚಿಯಲ್ಲಿದ್ದ ನರ್ಸಮ್ಮ ಸೆರಗಿನಿಂದ ಮೂಗು ಒತ್ತಿಕೊಂಡಳು. ಅಷ್ಟೂ ಜನರ ಮಧ್ಯೆ ಅವನೊಬ್ಬನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಬಿಟ್ಟ ಉಸಿರು ಎಲ್ಲರಿಗೂ ಕೇಳಿಸಿತು. ಬಲಗಡೆ ಡಬ್ಬದಿಂದ ತುಂಬಿದ್ದರೂ ಅಷ್ಟೇ ಆಗುತ್ತಿತ್ತು. ತಾನು ಕೊಲ್ಲಲಿಲ್ಲ. ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿ, "ಏನ್ರೀ, ನಿಮಗೆ ಸಂತೋಷ ಆದ ಹಾಗಿದೆ" ಎಂದಾಗಲೇ ತನ್ನ ತುಟಿ ಅಗಲವಾಗಿರುವುದು ಅವನಿಗೆ ತಿಳಿದದ್ದು. ಕಿವಿಯ ತನಕ ಬಿಸಿಯೇರಿತು. ಇಲ್ಲ ಸಾರ್ ಎಂದ. ಹಾಳು ಮುಖ, ಇಲ್ಲೂ ಅವನ ಮಾತು ಕೇಳಲಿಲ್ಲ.

ಬದುಕಿರುವ ರೋಗಿಗಳಿಗೆಲ್ಲ ಅವರವರು ತಗೊಂಡದ್ದೇನು ಎಂದು ಹೇಳುವುದು, ತೀರಿಹೋದವರ ಮನೆಯವರಿಗೆ ಅವರಾಗಿ ಕೇಳಿದರೆ ಮಾತ್ರ ಹೇಳುವುದು ಎಂದು ತೀರ್ಮಾನವಾಗಿ ಎಲ್ಲರೂ ಎದ್ದರು. ಲೆಕ್ಕ ಹಾಕುವ ಹುಡುಗಿ ಮಾತ್ರ ಕಂಪ್ಯೂಟರಿನ ಮುಂದೆ ಉಳಿದಿದ್ದಳು. ಅವನನ್ನು ಹಿಟ್ಟಪ್ಪ ಎನ್ನದೆ ಸಾರ್ ಎನ್ನುತ್ತಿದ್ದವಳು ಅವಳೊಬ್ಬಳು. "ಬನ್ನಿ ಸಾರ್, ನೀವು ತುಂಬಿದ್ದು ಏನೇನು ಮಾಡಿದೆ ನೋಡಿ" ಎಂದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಒಬ್ಬೊಬ್ಬ ರೋಗಿಗೆ ಒಂದೊಂದು ಗೆರೆ, ತಿಂಗಳು ತಿಂಗಳು ಮೊಗಸಾಲೆಯಲ್ಲಿ ಎಷ್ಟು ದೂರ ನಡೆದರು ಎಂದು. "ಹಿಟ್ಟು ತಿಂದೋರೂ ಮೊದಮೊದಲು ಎಷ್ಟು ಚೇತರಿಸಿಕೊಂಡಿದ್ದಾರೆ ಅಂತೀರಿ. ನಂಬಿಕೆ ನೋಡಿ. ಇದೊಂದು ಗೆರೆ ನೋಡಿ, ಎಲ್ಲರನ್ನೂ ಹಿಂದೆ ಹಾಕಿ ಮೇಲೆ ಹೋಗ್ತಾ ಇತ್ತು. ಇಲ್ಲಿ ಏನೋ ಆಗಿದೆ. ಇಲ್ಲಿಂದ ಬಿದ್ದದ್ದು ಏಳಲೇ ಇಲ್ಲ."

ನಂಬರು ನೋಡುವ ಅಗತ್ಯವಿರಲಿಲ್ಲ, ನೋಡಿದ. ಅವಳ ಬೆರಳಿದ್ದದ್ದು ಅವನು ಕಾಫಿ ಪೂರ್ತಿ ಕುಡಿಯದೆ ಎದ್ದ ತಿಂಗಳಿನ ಮೇಲೆ.

"ಯಾರಾದ್ರೂ ಇದು ಹಿಟ್ಟು ಅಂತ ಅವರಿಗೆ ತಿಳಿಸಿಬಿಟ್ಟಿದ್ರೆ?" ಎಂದ.

"ಇರಬಹುದು ಸಾರ್. ಕಾಯಿಲೆಯೇ ಏರಿರಬಹುದು. ನೆಗಡಿ ಕೆಮ್ಮು ಬಂದಿರಬಹುದು. ಒಬ್ಬರನ್ನ ನೋಡಿ ಏನೂ ಹೇಳಕ್ಕಾಗಲ್ಲ. ಥೇಟ್ ಇವರ ಹಾಗೇ ಇನ್ನೊಬ್ಬರು ಬೇಕು, ಅವರಿಗೆ ಯಾರೂ ಏನೂ ತಿಳಿಸಿರಬಾರದು. ಆಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ."

ಅವಳು ಕಂಪ್ಯೂಟರು ಆರಿಸಿ, ಕೈಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಇನ್ನೊಬ್ಬ ಅಕ್ಕ ಬೇಕು. ಹಾಗೆಯೇ ಕಷಾಯ ಕುಡಿದು ತುಟಿ ಸವರಿಕೊಂಡವಳು, ಅದೇ ಬೀದಿಯಲ್ಲಿ ತಮ್ಮನ ಬಗ್ಗೆ ಜಂಬ ಕೊಚ್ಚಿಕೊಂಡವಳು, ಅದೇ ಅಡುಗೆಮನೆಯಲ್ಲಿ ಅಂಗೈ ಮೇಲೆ ಬಾಟಲಿ ಇಟ್ಟು ತೋರಿಸಿದವಳು. ಅವಳ ಮನೆಗೆ ಅವತ್ತು ತಾನು ಹೋಗಿರಬಾರದು. ಮೆಟ್ಟಿಲಿಳಿಯುತ್ತ ಅವನಿಗೆ ಅಳು ಬಂತು. ಈ ಶಾಸ್ತ್ರ ಅವನನ್ನು ತಪ್ಪಿತಸ್ಥ ಎನ್ನಲಿಲ್ಲ, ಹೋಗು ಎಂದು ಬಿಟ್ಟುಬಿಡಲೂ ಇಲ್ಲ. ನೀನೇ ಮಾಡಿದ್ದೋ ಅಲ್ಲವೋ, ನಮಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ ಎಂದಿತು. ಹಬೆಯ ತೂತಿನ ಹತ್ತಿರ ನಿಂತು ಮುಖ ಒರೆಸಿಕೊಂಡ. ಇರುವುದೊಂದೇ ಅಕ್ಕ, ಇದ್ದದ್ದೊಂದೇ ಅಕ್ಕ.

ಸಂಜೆ ಭಾವನ ಮನೆಗೆ ಹೋದಾಗ ಅವರು ವರಾಂಡದಲ್ಲಿ ಕೂತು ಬೂಟಿಗೆ ಹೊಸ ದಾರ ಪೋಣಿಸುತ್ತಿದ್ದರು. ಈಚೆಗೆ ಅವರು ಯಾವುದನ್ನಾದರೂ ಬಿಚ್ಚಿ ಕಟ್ಟುವುದರಲ್ಲೇ ಹೊತ್ತು ಕಳೆಯುತ್ತಿದ್ದರು. ಔಷಧಿ ಕೆಲಸ ಮಾಡಲಿಲ್ಲವಂತೆ ಎಂದು ಹೇಳಿದ. ಅವರು ದಾರ ಎಳೆಯುವುದನ್ನು ನಿಲ್ಲಿಸಿ ಒಳಗೆ ಹೋಗಿ, ಓರೆ ಚೀಟಿಯ ಬಾಟಲಿಯನ್ನೇ ತಂದು ಅವನ ಕೈಗಿಟ್ಟರು. ತಿಂಗಳು ತಿಂಗಳು ಬಂದ ಬಾಟಲಿಗಳಲ್ಲಿದ್ದದ್ದನ್ನೆಲ್ಲ ಅಕ್ಕ ಅದಕ್ಕೇ ಸುರಿದುಕೊಂಡು ತಿನ್ನುತ್ತಿದ್ದಳಂತೆ. "ಇದೇ ಮೊದಲನೇದು ಅಂತ ಇಟ್ಕೊಂಡಿದ್ಲು" ಎಂದರು. ಬಾಟಲಿ ಖಾಲಿಯಿತ್ತು. ಬೋರಲು ಹಾಕಿ ತಟ್ಟಿದರೂ ಒಂದು ಚಿಟಿಕೆ ಪುಡಿ ಬೀಳಲಿಲ್ಲ.

"ಅವಳಿಗೆ ಗೊತ್ತಿತ್ತು ಕಣಯ್ಯ" ಎಂದರು ಭಾವ, ಬೂಟಿನ ಕಡೆ ನೋಡುತ್ತ. "ನೀನು ಆವತ್ತು ಬಂದು ಹೋದ್ಯಲ್ಲ, ರಾತ್ರಿ ಊಟಕ್ಕೆ ಕೂತಾಗ ಹೇಳಿದ್ಲು. ಇದರಲ್ಲಿ ಏನೂ ಇಲ್ಲ ಅಂತ ಕಾಣುತ್ತೆ ರೀ, ಅವನು ಮುಖ ಕೊಟ್ಟು ಮಾತಾಡಲಿಲ್ಲ ಅಂತ. ಹಾಗಾದ್ರೆ ಬಿಟ್ಹಾಕು, ಬೇರೆ ಊರಲ್ಲಿ ಇನ್ನೊಬ್ಬ ಡಾಕ್ಟರು ಇದ್ದಾರೆ, ಹೋಗೋಣ ಅಂದೆ. ನಾನು ಬಿಟ್ಟರೆ ಅವನ ಲೆಕ್ಕ ಕೆಡುತ್ತೆ ಅಂದ್ಲು. ಉಸಿರು ಎಳೆಯೋಕೆ ಆಗದಿದ್ದಾಗಲೂ ಒಂದು ಹೊತ್ತು ತಪ್ಪಿಸಲಿಲ್ಲ. ನುಂಗಿ ನೀರು ಕುಡಿದು, ಸಿಹಿಯಾಗಿದೆ ಅಂತ ನಗೋಳು. ಯಾಕೆ ಹಾಗಂತಿದ್ಲೋ ನನಗಂತೂ ತಿಳೀಲಿಲ್ಲ."

ಅವನು ಬಾಟಲಿಯ ಮುಚ್ಚಳ ಹಾಕಿ, ಓರೆ ಚೀಟಿಯ ಟೇಪನ್ನು ಹೆಬ್ಬೆರಳಿನಿಂದ ಒತ್ತಿದ.

"ಕೈ ಹಿಡಿದು ಎಳ್ಕೊಂಡು ಹೋಗಬೇಕಿತ್ತು ನಾನು. ಅವಳ ಹಠಕ್ಕೆ ಬಿಟ್ಟುಬಿಟ್ಟೆ. ದಿನಾ ಅದೇ ಯೋಚನೆ. ಈಗ ಗುಟ್ಟೆಲ್ಲ ಬಿಚ್ಚಿ ಆಯ್ತಲ್ಲ, ಹೇಳು. ಇದರಲ್ಲಿ ನಿಜವಾಗಿ ಔಷಧಿ ಇತ್ತಾ, ಇಲ್ವಾ? ಇತ್ತು ಅಂದ್ರೆ ಮಾಡೋದೆಲ್ಲ ಮಾಡಿದ್ವಿ ಅಂತಾದ್ರೂ ಆಗುತ್ತೆ."

ಭಾವ ತಲೆಯೆತ್ತಿ ಅವನ ಮುಖವನ್ನೇ ನೋಡಿದರು. ಅಕ್ಕ ಒಂದೇ ಒಂದು ಮುಖ ನೋಡಿ ಊಹಿಸಿದ್ದಳು, ಸರಿಯಾಗಿಯೇ ಊಹಿಸಿದ್ದಳು. ಮೇಲೆ ಅಷ್ಟು ಜನ ಡಾಕ್ಟರುಗಳು ಇವತ್ತು ಮಧ್ಯಾಹ್ನ ತಿಳಿದದ್ದನ್ನು ಅವಳು ಊಟಕ್ಕೆ ಕೂತಾಗಲೇ ತಿಳಿದಿದ್ದಳು. ಅದನ್ನು ಈಗ ಸುಳ್ಳು ಮಾಡಬೇಕು. ಅವನು ಬೀದಿಯ ಕಡೆ ನೋಡಲಿಲ್ಲ, ಇನ್ನೊಂದು ಉಪ್ಪಿನ ಡಬ್ಬಿ ಹುಡುಕಲಿಲ್ಲ. ಮಂಚದ ಕೆಳಗಿನ ಕತ್ತಲಿನಿಂದ ಕಾಣುತ್ತಿದ್ದ ಆ ಮುಖವನ್ನು ನೆನೆದುಕೊಂಡ, ಹುಬ್ಬು ಅಲ್ಲಾಡದ ಹಾಗೆ, ಕಣ್ಣು ಕಿರಿದಾಗದ ಹಾಗೆ. ನಾಲಿಗೆಯಿಂದ ತುಟಿ ಸವರಿಕೊಂಡ.

"ಇತ್ತು ಭಾವ. ಔಷಧೀನೇ ಇತ್ತು. ಅಕ್ಕನ ಊಹೆ ತಪ್ಪು."

ಭಾವ ಬಹಳ ಹೊತ್ತು ನೋಡಿದರು. ಬೂಟನ್ನು ಕೆಳಗಿಟ್ಟರು, ದಾರದ ತುದಿ ಬೆರಳಿಗೆ ಸುತ್ತಿಕೊಂಡೇ ಇತ್ತು.

"ಥೇಟ್ ನಿನ್ನ ಅಕ್ಕನ ಮುಖವೇ ಕಣಯ್ಯ ನಿಂದು" ಎಂದರು. "ಇಷ್ಟು ದಿನ ನಾನು ಗಮನಿಸಿರಲಿಲ್ಲ."

ಆಮೇಲೆ ಎದ್ದು, ಕಾಫಿ ಮಾಡುತ್ತೇನೆ, ಪೂರ್ತಿ ಕುಡಿದು ಹೋಗು ಎಂದು ಒಳಗೆ ಹೋದರು.